ಎಕ್ಸುಮಾದಲ್ಲಿ ಈ ರಾತ್ರಿ ಗಾಳಿ ಎತ್ತಲಿಂದ?

ಬಹಾಮಾಸ್‌ನ ಎಕ್ಸುಮಾ ದ್ವೀಪಗಳಿಗೆ ಹಾಯಿದೋಣಿಯಲ್ಲಿ ರಜೆಗೆ ಹೊರಡುವ ಕುಟುಂಬಗಳು ಮೊದಲು ಕೂತು ಬರೆಯುವುದು ತಾರೀಖಿನ ಪಟ್ಟಿ. ಸೋಮವಾರ ದೊಡ್ಡ ಹಲ್ಲಿಯಂಥ ಇಗುವಾನಾಗಳಿರುವ ಆಲನ್ಸ್ ಕೀ (ಕೀ ಎಂದರೆ ಪುಟ್ಟ ದ್ವೀಪ), ಬುಧವಾರ ವಾರ್ಡರಿಕ್ ವೆಲ್ಸ್, ಶುಕ್ರವಾರ ಈಜುವ ಹಂದಿಗಳ ಬಿಗ್ ಮೇಜರ್, ಮುಂದಿನ ವಾರ ಜಾರ್ಜ್ ಟೌನ್. ಪಟ್ಟಿಯಲ್ಲಿ ಎಲ್ಲಕ್ಕೂ ಜಾಗವಿರುತ್ತದೆ, ಗಾಳಿಗೆ ಮಾತ್ರ ಇರುವುದಿಲ್ಲ. ಆದರೆ ಇಲ್ಲಿ ದಿನಾ ಬೆಳಿಗ್ಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ರಾತ್ರಿ ಗಾಳಿ ಎತ್ತಲಿಂದ ಬೀಸುತ್ತದೆ, ಅದಕ್ಕೆ ಅಡ್ಡವಾಗುವ ನೆಲ ಎಲ್ಲಿದೆ? ಮಕ್ಕಳಿರುವ ದೋಣಿಗೆ ಇದು ಇನ್ನೂ ಮುಖ್ಯ. ರಾತ್ರಿಯಿಡೀ ಹೊಯ್ದಾಡಿದ ದೋಣಿಯಲ್ಲಿ ಮರುದಿನ ಯಾರಿಗೂ ರಜೆಯ ಉಮೇದು ಉಳಿದಿರುವುದಿಲ್ಲ.

ನಕಾಶೆ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ನಸ್ಸೌ ಇರುವ ನ್ಯೂ ಪ್ರಾವಿಡೆನ್ಸ್ ದ್ವೀಪದ ಆಗ್ನೇಯಕ್ಕೆ ಸುಮಾರು 200 ಕಿಲೋಮೀಟರ್ ಉದ್ದಕ್ಕೆ ಈ ದ್ವೀಪಗಳು ಸಾಲುಗಟ್ಟಿ ನಿಂತಿವೆ. ಪೂರ್ವಕ್ಕೆ ಎಕ್ಸುಮಾ ಸೌಂಡ್, ಸಾವಿರ ಮೀಟರಿಗೂ ಮಿಕ್ಕಿದ ಆಳ. ಪಶ್ಚಿಮಕ್ಕೆ ಗ್ರೇಟ್ ಬಹಾಮಾ ಬ್ಯಾಂಕ್, ಹೆಚ್ಚಿನ ಕಡೆ ಮೂರರಿಂದ ಐದು ಮೀಟರ್ ಆಳದ ಮರಳ ಬಯಲು. ಎರಡರ ನಡುವೆ ತೆಳ್ಳನೆಯ ಸುಣ್ಣಕಲ್ಲಿನ ದ್ವೀಪಗಳು, ಅವುಗಳ ಮಧ್ಯೆ ಕಿರಿದಾದ ಕಂಡಿಗಳು. ವರ್ಷದ ಬಹುಪಾಲು ಗಾಳಿ ಪೂರ್ವದ ಕಡೆಯಿಂದಲೇ, 15–20 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ವೇಗದಲ್ಲಿ ಬೀಸುತ್ತದೆ. ಹಾಗಾಗಿ ದ್ವೀಪಗಳ ಪಶ್ಚಿಮ ಬದಿಗೆ ಲಂಗರು ಹಾಕಿದರೆ ನೀರು ಕೊಳದಂತಿರುತ್ತದೆ. ಚಿತ್ರಗಳಲ್ಲಿ ಕಾಣುವುದು ಈ ಎಕ್ಸುಮಾ.

ಇನ್ನೊಂದು ಎಕ್ಸುಮಾ ಚಳಿಗಾಲದ ಫ್ರಂಟ್‌ಗಳದ್ದು, ಅಂದರೆ ನುಗ್ಗಿಬರುವ ತಂಪು ಗಾಳಿಯ ಮುಂಚೂಣಿಗಳದ್ದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ವಾರಕ್ಕೊಂದರಂತೆ ಉತ್ತರ ಅಮೆರಿಕದ ತಂಪು ಗಾಳಿ ಇಲ್ಲಿಯವರೆಗೂ ಇಳಿದುಬರುತ್ತದೆ. ಬರುವ ಕ್ರಮ ಬಹುತೇಕ ಒಂದೇ. ಪೂರ್ವದ ಗಾಳಿ ಮೊದಲು ಆಗ್ನೇಯಕ್ಕೆ, ಆಮೇಲೆ ದಕ್ಷಿಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಸೆಕೆ ಏರುತ್ತದೆ, ನೀರು ಕನ್ನಡಿಯಂತಾಗುತ್ತದೆ, ಎಲ್ಲರಿಗೂ ಈಜಬೇಕು ಅನ್ನಿಸುತ್ತದೆ. ಲಂಗರು ಎತ್ತಿ ಜಾಗ ಬದಲಿಸಬೇಕಾದ ಹೊತ್ತೂ ಅದೇ. ಗಾಳಿ ನೈರುತ್ಯಕ್ಕೆ ಸರಿದು ವಾಯವ್ಯದಲ್ಲಿ ಮೋಡದ ಪಟ್ಟಿ ಕಂಡಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ಗಂಟೆ. ಮೋಡ ನೆತ್ತಿ ದಾಟುವಾಗ ಗಾಳಿ ಒಮ್ಮೆಗೇ ಪಶ್ಚಿಮಕ್ಕೋ ವಾಯವ್ಯಕ್ಕೋ ಹಾರಿ 25–30 ನಾಟ್ ಮುಟ್ಟುತ್ತದೆ. ಆಮೇಲೆ ಉತ್ತರಕ್ಕೆ, ಈಶಾನ್ಯಕ್ಕೆ ತಿರುಗಿ ಎರಡು ಮೂರು ದಿನ ಬಿಡದೆ ಬೀಸುತ್ತದೆ. ನಿನ್ನೆಯವರೆಗೆ ಎದುರಿಗೆ ನಿಂತು ಗಾಳಿಗೆ ಮರೆಯಾಗಿದ್ದ ದ್ವೀಪ ಈಗ ದೋಣಿಯ ಹಿಂಬದಿಗೆ ಬಂದಿರುತ್ತದೆ. ಲಂಗರು ಜಾರಿದರೆ ಹೋಗಿ ಬೀಳುವುದು ನೇರ ಬಂಡೆಯ ಮೇಲೆ. ಬ್ಯಾಂಕಿನ ಉದ್ದಗಲಕ್ಕೂ ಓಡಿಬಂದ ಗಿಡ್ಡ, ಕಡಿದಾದ ಅಲೆಗಳಂತೂ ದೋಣಿಯನ್ನು ಕುಕ್ಕುತ್ತಲೇ ಇರುತ್ತವೆ.

ಪಶ್ಚಿಮದ ಗಾಳಿಗೆ ಮರೆಯಾಗುವ ತಾಣಗಳು ಎಕ್ಸುಮಾದಲ್ಲಿ ಬೆರಳೆಣಿಕೆಯಷ್ಟು. ಕೇಂಬ್ರಿಜ್ ಕೀಯ ಮೂರಿಂಗ್‌ಗಳು (ದೋಣಿ ಕಟ್ಟಲು ನೆಲಕ್ಕೆ ಬಿಗಿದಿಟ್ಟ ತೇಲುಗುಂಡುಗಳು), ವಾರ್ಡರಿಕ್ ವೆಲ್ಸ್‌ನ ಉತ್ತರದ ಮೂರಿಂಗ್ ಸಾಲು, ಪೈಪ್ ಕ್ರೀಕ್, ಜಾರ್ಜ್ ಟೌನ್ ಬಳಿಯ ರೆಡ್ ಶ್ಯಾಂಕ್ಸ್. ಫ್ರಂಟ್ ಬರುವ ಸುದ್ದಿ ಎಲ್ಲರಿಗೂ ಒಟ್ಟಿಗೇ ತಿಳಿಯುವುದರಿಂದ ಅಲ್ಲಿ ಜಾಗ ಬೇಗ ತುಂಬುತ್ತದೆ. ಎರಡು ದಿನ ಮುಂಚೆಯೇ ಹೋಗಿ ಸೇರುವುದು ಅತಿ ಎಚ್ಚರವಲ್ಲ, ಇಲ್ಲಿನ ರೂಢಿಯೇ ಹಾಗೆ. ತಿಂಗಳು ಆರಿಸುವ ಸ್ವಾತಂತ್ರ್ಯವಿರುವ ಕುಟುಂಬಕ್ಕೆ ನಾನು ಹೇಳುವುದು ಏಪ್ರಿಲ್ ಇಲ್ಲವೇ ಮೇ. ಫ್ರಂಟ್‌ಗಳು ತೆಳುವಾಗಿರುತ್ತವೆ, ನೀರು ಬೆಚ್ಚಗಾಗಿರುತ್ತದೆ, ಜೂನ್ 1ಕ್ಕೆ ಶುರುವಾಗುವ ಚಂಡಮಾರುತದ ಕಾಲ ಇನ್ನೂ ಬಂದಿರುವುದಿಲ್ಲ. ಡಿಸೆಂಬರ್ ರಜೆಗೇ ಬರಬೇಕೆಂದರೆ ಬನ್ನಿ, ಆದರೆ ಪ್ರತಿ ವಾರ ಎರಡು ಮೂರು ದಿನ ಒಂದೇ ಕಡೆ ಕೂರಬೇಕಾದೀತೆಂದು ಲೆಕ್ಕ ಹಿಡಿದೇ ಬನ್ನಿ.

ನಸ್ಸೌದಿಂದ ಆಲನ್ಸ್ ಕೀಗೆ ಸುಮಾರು 35 ನಾಟಿಕಲ್ ಮೈಲಿ. ಐದು ನಾಟ್ ವೇಗದಲ್ಲಿ ಏಳು ಗಂಟೆ. ಹೊರಡುವ ವೇಳೆಯನ್ನು ಗೊತ್ತು ಮಾಡುವುದು ದೂರವಲ್ಲ, ದಾರಿಯಲ್ಲಿ ಸಿಗುವ ಯೆಲ್ಲೋ ಬ್ಯಾಂಕ್. ಅಲ್ಲಿ ಮರಳ ನಡುವೆ ಹವಳದ ದಿಬ್ಬಗಳು ಚದುರಿವೆ, ಕೆಲವು ಕೀಲ್‌ಗೆ (ದೋಣಿಯ ತಳದಿಂದ ನೀರಿನೊಳಕ್ಕೆ ಚಾಚಿದ ಭಾಗ) ತಾಗುವಷ್ಟು ಎತ್ತರ. ಎಲ್ಲವೂ ನಕಾಶೆಯಲ್ಲಿ ಇಲ್ಲ. ಕಣ್ಣಿನಿಂದಲೇ ನೋಡಿ ತಪ್ಪಿಸಿಕೊಳ್ಳಬೇಕು, ಅದಕ್ಕೆ ಬಿಸಿಲು ಮೇಲಿನಿಂದ ಬೀಳಬೇಕು. ಬೆಳಿಗ್ಗೆ ಏಳೂವರೆಗೆ ಹೊರಟರೆ ಹನ್ನೊಂದರ ಆಸುಪಾಸಿಗೆ ಅಲ್ಲಿರುತ್ತೀರಿ, ಅದು ಸರಿಯಾದ ಹೊತ್ತು. ಮಬ್ಬು ಕವಿದ ದಿನ, ಇಲ್ಲವೇ ಸೂರ್ಯ ತಗ್ಗಿರುವ ಇಳಿಹೊತ್ತಿನಲ್ಲಿ ಆ ದಾರಿ ಹಿಡಿಯಬೇಡಿ.

ನೀರಿನ ಬಣ್ಣ ಓದುವುದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಪೋಲರಾಯ್ಡ್ ಕನ್ನಡಕ ಹಾಕಿಸಿ ಎತ್ತರದಲ್ಲಿ ಕೂರಿಸಬೇಕು. ಕಡುನೀಲಿ ಎಂದರೆ ಆಳ. ತಿಳಿಹಸಿರು ಬೆರೆತ ನೀಲಿ ಎಂದರೆ ಮರಳಿನ ಮೇಲೆ ಎರಡು ಮೂರು ಮೀಟರ್ ನೀರು. ಬಣ್ಣ ಬಿಳಿಚುತ್ತ ಹೋದಂತೆ ಆಳ ತೀರುತ್ತಿದೆ ಎಂದರ್ಥ. ಕಂದು ಇಲ್ಲವೇ ಹಳದಿಗಂದು ಎಂದರೆ ಹವಳ, ಹತ್ತಿರ ಹೋಗುವಂತಿಲ್ಲ. ಕಪ್ಪು ಮಚ್ಚೆ ಕಂಡರೆ ಹುಲ್ಲಿರಬಹುದು, ಹವಳವಿರಬಹುದು, ಮೋಡದ ನೆರಳೂ ಇರಬಹುದು. ನೆರಳು ಸರಿಯುತ್ತದೆ, ಹವಳ ಸರಿಯುವುದಿಲ್ಲ. ಅರ್ಧ ನಿಮಿಷ ದಿಟ್ಟಿಸಿದರೆ ಅಷ್ಟು ತಿಳಿಯುತ್ತದೆ. ಸಂಶಯ ಉಳಿದರೆ ಸುತ್ತಿಕೊಂಡು ಹೋಗಿ.

ಇನ್ನು ಲಂಗರಿನ ವಿಷಯ. ನಿಧಾನವಾಗಿ, ಎಲ್ಲರೂ ಸೇರಿ ಕಲಿಯಬೇಕಾದದ್ದು ಇದನ್ನು. ಮೊದಲು ಬಿಳಿ ಮರಳಿನ ತೇಪೆ ಹುಡುಕಿ. ಹುಲ್ಲಿನ ಮೇಲೆ ಬಿದ್ದ ಲಂಗರು ಬೇರುಗಳ ಜಾಲದೊಳಗೆ ಇಳಿಯದೆ ಮೇಲ್ಮೈಯಲ್ಲೇ ಉಳುತ್ತ ಬರುತ್ತದೆ, ಹುಲ್ಲೂ ಕಿತ್ತುಹೋಗುತ್ತದೆ. ಕಂಡಿಗಳ ಹತ್ತಿರ ಪ್ರವಾಹ ಮರಳನ್ನು ಗುಡಿಸಿ ಹಾಕಿರುತ್ತದೆ, ಮೇಲೆ ತೆಳು ಪದರ, ಕೆಳಗೆ ಗಟ್ಟಿ ಸುಣ್ಣಕಲ್ಲು. ಅಲ್ಲಿ ಎಷ್ಟು ಒಳ್ಳೆಯ ಲಂಗರಾದರೂ ಊರಿಕೊಳ್ಳುವುದಿಲ್ಲ.

ಸರಪಳಿಯ ಉದ್ದದ ಲೆಕ್ಕದಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ. ಇಳಿತದ ಹೊತ್ತಿನಲ್ಲಿ ಆಳಮಾಪಕ 3.5 ಮೀಟರ್ ತೋರಿಸುತ್ತಿದೆ ಎಂದುಕೊಳ್ಳಿ. ನೀರಿನಿಂದ ದೋಣಿಯ ಮೂತಿಯ ಎತ್ತರ 1.2 ಮೀಟರ್, ಬರಲಿರುವ ಉಬ್ಬರ 0.9 ಮೀಟರ್, ಒಟ್ಟು 5.6. ಪೂರ್ತಿ ಸರಪಳಿಯೇ ಇದ್ದರೆ ಇದರ ಐದು ಪಟ್ಟು, ಅಂದರೆ 28 ಮೀಟರ್ ಬಿಡಬೇಕು. ಗಾಳಿ ಜೋರಾಗುವ ಸೂಚನೆಯಿದ್ದರೆ ಏಳು ಪಟ್ಟು, ಹತ್ತಿರ ಹತ್ತಿರ 40 ಮೀಟರ್. ಬರೀ ನೀರಿನ ಆಳ ನೋಡಿ 17 ಮೀಟರ್ ಬಿಟ್ಟವರು ಐದು ಪಟ್ಟು ಬಿಟ್ಟೆವೆಂದುಕೊಂಡಿರುತ್ತಾರೆ, ಉಬ್ಬರ ತುಂಬಿದಾಗ ಉಳಿಯುವುದು ಮೂರೇ ಪಟ್ಟು. ಸರಪಳಿ ಉದ್ದವಿದ್ದಷ್ಟೂ ಎಳೆತ ನೆಲಕ್ಕೆ ಸಮಾಂತರವಾಗಿರುತ್ತದೆ, ಲಂಗರು ಒಳಕ್ಕಿಳಿಯುತ್ತದೆ. ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ, ಲಂಗರು ಕಿತ್ತುಬರುತ್ತದೆ. ಹಾಗೆಯೇ ಆಳಮಾಪಕ ತೋರಿಸುವುದು ನೀರಿನ ಮೇಲ್ಮೈಯಿಂದ ಆಳವೋ ಕೀಲ್ ಕೆಳಗಿನ ಆಳವೋ ಎಂಬುದನ್ನು ದೋಣಿ ಬಾಡಿಗೆಗೆ ಪಡೆದ ದಿನವೇ ಕೇಳಿ ತಿಳಿದುಕೊಳ್ಳಿ. ಒಂದೂವರೆ ಎರಡು ಮೀಟರ್ ವ್ಯತ್ಯಾಸ ಅಲ್ಲಿಯೇ ಅಡಗಿರುತ್ತದೆ.

ಗಾಳಿಗೆ ಎದುರಾಗಿ ಬಂದು, ಮರಳ ತೇಪೆಯ ಮೇಲೆ ಪೂರ್ತಿ ನಿಂತಮೇಲೆ ಲಂಗರು ಇಳಿಸಿ. ನೆಲ ಮುಟ್ಟಿದ ಕ್ಷಣದಲ್ಲೇ ಜಿಪಿಎಸ್‌ನ ಲಂಗರು ಅಲಾರಂ ಗುರುತು ಹಾಕಿ. ದೋಣಿ ಹಿಂದೆ ಸರಿದಮೇಲೆ ಗುರುತು ಹಾಕಿದರೆ ವೃತ್ತದ ನಡುಬಿಂದುವೇ ತಪ್ಪಾಗಿ ರಾತ್ರಿಯಿಡೀ ಸುಳ್ಳು ಅಲಾರಂ ಹೊಡೆಯುತ್ತದೆ, ಮೂರನೆಯ ಸಲಕ್ಕೆ ಯಾರೋ ಅದನ್ನು ಆರಿಸಿ ಮಲಗುತ್ತಾರೆ. ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳುತ್ತಿದ್ದಂತೆ ಸರಪಳಿಯನ್ನು ಗುಡ್ಡೆ ಬೀಳದ ಹಾಗೆ ಉದ್ದಕ್ಕೆ ಹಾಸುತ್ತ ಬನ್ನಿ. ಪೂರ್ತಿ ಬಿಟ್ಟಾದ ಮೇಲೆ ಎಂಜಿನ್ ರಿವರ್ಸ್‌ನಲ್ಲಿ, ಮೊದಲು ಐಡಲ್ ವೇಗದಲ್ಲಿ, ಒಂದು ನಿಮಿಷ ಬಿಟ್ಟು ಮೆಲ್ಲಗೆ 1500–2000 ಆರ್‌ಪಿಎಂವರೆಗೆ ಏರಿಸಿ. ದಡದ ಮೇಲಿನ ಎರಡು ಗುರುತುಗಳನ್ನು, ಒಂದು ಪೊದೆ ಅದರ ಹಿಂದೊಂದು ಮನೆ, ಒಂದೇ ಗೆರೆಯಲ್ಲಿ ಹಿಡಿದು ನೋಡುತ್ತಿರಿ. ಗೆರೆ ಅಲುಗದಿದ್ದರೆ ಲಂಗರು ಹಿಡಿದಿದೆ. ಸರಪಳಿಯ ಮೇಲೆ ಅಂಗೈ ಇಟ್ಟರೆ ಅದೂ ಹೇಳುತ್ತದೆ: ಹಿಡಿದ ಲಂಗರಿನ ಸರಪಳಿ ಸೆಟೆದು ಸುಮ್ಮನಿರುತ್ತದೆ, ಜಾರುವ ಲಂಗರಿನದು ಕರಕರ ನಡುಗುತ್ತದೆ. ಕೊನೆಗೆ ಆರೆಂಟು ಮೀಟರ್ ನೈಲಾನ್ ಹಗ್ಗವನ್ನು ಕೊಕ್ಕೆಯಿಂದ ಸರಪಳಿಗೆ ಸಿಕ್ಕಿಸಿ ಭಾರವನ್ನು ಅದರ ಮೇಲೆ ಬಿಡಿ. ಅಲೆಯ ಜಗ್ಗುವಿಕೆಯನ್ನು ನೈಲಾನ್ ಹಿಗ್ಗಿ ನುಂಗಿಕೊಳ್ಳುತ್ತದೆ, ಮುಂದುಗಡೆ ಮಲಗುವ ಮಕ್ಕಳಿಗೆ ಸರಪಳಿಯ ಸದ್ದೂ ಕೇಳಿಸುವುದಿಲ್ಲ.

ಇಷ್ಟಾದ ಮೇಲೂ ಮಾಸ್ಕ್ ಹಾಕಿಕೊಂಡು ಹೋಗಿ ನೋಡಿ ಬರಲೇಬೇಕು. ನೀರು ಅಷ್ಟು ತಿಳಿಯಾಗಿರುವಾಗ ಊಹೆ ಮಾಡುತ್ತ ಕೂರುವುದಕ್ಕೆ ಕಾರಣವೇ ಇಲ್ಲ. ಲಂಗರಿನ ಕೊಕ್ಕು ಪೂರ್ತಿ ಹೂತು ಹಿಂಬದಿಯಷ್ಟೇ ಕಾಣುತ್ತಿದ್ದರೆ ಸರಿ. ಪಕ್ಕಕ್ಕೆ ವಾಲಿ ಮಲಗಿದ್ದರೆ, ಸರಪಳಿ ಹವಳದ ತಲೆಗೆ ಸುತ್ತಿದ್ದರೆ, ಎತ್ತಿ ಮತ್ತೆ ಹಾಕಿ. ಬೇಸರ ಪಟ್ಟುಕೊಳ್ಳಬೇಡಿ, ನುರಿತವರೂ ಎರಡು ಮೂರು ಸಲ ಹಾಕುತ್ತಾರೆ.

ಎಕ್ಸುಮಾದ ಇನ್ನೊಂದು ವಿಶೇಷ ಪ್ರವಾಹ. ಸುಮಾರು ಆರು ಗಂಟೆಗೊಮ್ಮೆ ನೀರಿನ ಹರಿವು ತಿರುಗುತ್ತದೆ. ಆಲನ್ಸ್ ಕೀಯಂಥ ಇಕ್ಕಟ್ಟಿನ ಜಾಗದಲ್ಲಿ ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ ಎಳೆಯುವಾಗ ಆಳ ಕೀಲಿನ ದೋಣಿ ನೀರಿನ ಮಾತು ಕೇಳುತ್ತದೆ, ಎರಡು ಒಡಲಿನ ಹಗುರ ಕ್ಯಾಟಮರಾನ್ ಗಾಳಿಯ ಮಾತು ಕೇಳುತ್ತದೆ. ಸಂಜೆ ದೂರದಲ್ಲಿದ್ದ ಎರಡು ದೋಣಿಗಳು ನಡುರಾತ್ರಿ ಮುಖಾಮುಖಿ. ಇದಕ್ಕೆ ಇಲ್ಲಿನದೇ ಹೆಸರಿನ ಒಂದು ಪದ್ಧತಿಯಿದೆ, ಬಹಾಮಿಯನ್ ಮೂರ್. ಹರಿವಿನ ಎದುರಿಗೆ ಮೊದಲ ಲಂಗರು ಹಾಕಿ, ಬೇಕಾದ ಸರಪಳಿಯ ಎರಡು ಪಟ್ಟು ಬಿಡುತ್ತ ಹಿಂದೆ ಸರಿದು, ಅಲ್ಲಿ ಎರಡನೆಯದನ್ನು ಇಳಿಸಿ, ಮೊದಲನೆಯದರ ಸರಪಳಿ ಅರ್ಧ ಎಳೆದುಕೊಂಡು ಎರಡರ ನಡುವೆ ನಿಲ್ಲುವುದು. ಎರಡೂ ಮೂತಿಯಿಂದಲೇ ಇಳಿದಿರಬೇಕು. ದೋಣಿ ಚಿಕ್ಕ ಜಾಗದಲ್ಲೇ ತಿರುಗುತ್ತದೆ. ತೊಂದರೆಯೂ ಉಂಟು: ದಿನ ಕಳೆದಂತೆ ಹಗ್ಗ, ಸರಪಳಿ ಹೆಣೆದುಕೊಳ್ಳುತ್ತವೆ, ಅವಸರದಲ್ಲಿ ಹೊರಡಲು ಆಗುವುದಿಲ್ಲ. ಮೇಲಾಗಿ ಸುತ್ತಲಿನವರೆಲ್ಲ ಒಂದೇ ಲಂಗರಿನ ಮೇಲೆ ದೊಡ್ಡ ವೃತ್ತದಲ್ಲಿ ತಿರುಗುತ್ತಿರುವಾಗ ನೀವೊಬ್ಬರೇ ಕಟ್ಟಿಹಾಕಿದಂತೆ ನಿಂತರೆ ಅಪಾಯ ನೀವೇ ತಂದುಕೊಂಡಂತೆ. ಮೊದಲು ಬಂದವರು ಹೇಗೆ ನಿಂತಿದ್ದಾರೋ ನಂತರ ಬಂದವರು ಹಾಗೆಯೇ ನಿಲ್ಲಬೇಕು. ನನಗೆ ಇಕ್ಕಟ್ಟು ಅನ್ನಿಸಿದರೆ ಬಹಾಮಿಯನ್ ಮೂರ್‌ಗಿಂತ ಪಕ್ಕದ ದ್ವೀಪವೇ ಮೇಲು.

ದಕ್ಷಿಣಕ್ಕೆ ಹೋದಂತೆ ಬ್ಯಾಂಕ್ ಆಳ ಕಳೆದುಕೊಳ್ಳುತ್ತದೆ, ಜಾರ್ಜ್ ಟೌನ್‌ಗೆ ಹೋಗುವವರು ಡಾಥಮ್ ಅಥವಾ ಗ್ಯಾಲಿಯಟ್‌ನಂಥ ಕಂಡಿಯ ಮೂಲಕ ಸೌಂಡ್‌ಗೆ ಇಳಿಯಬೇಕು. ಇಳಿತದಲ್ಲಿ ಬ್ಯಾಂಕಿನ ನೀರೆಲ್ಲ ಈ ಕಂಡಿಗಳಿಂದ ಪೂರ್ವಕ್ಕೆ ನುಗ್ಗುತ್ತದೆ, ಎದುರಿನಿಂದ ಪೂರ್ವದ ಗಾಳಿ ಅಲೆ ತರುತ್ತದೆ. ಎರಡೂ ಢಿಕ್ಕಿ ಹೊಡೆದಲ್ಲಿ ಅಲೆಗಳು ಗೋಡೆಗಳಂತೆ ನಿಂತಲ್ಲೇ ಏಳುತ್ತವೆ. ಇಲ್ಲಿನವರು ಇದನ್ನು ರೇಜ್ ಎನ್ನುತ್ತಾರೆ. ಬ್ಯಾಂಕಿನ ಕಡೆಯಿಂದ ನೋಡಿದರೆ ಏನೂ ಕಾಣುವುದಿಲ್ಲ, ಹರಿವು ಬೆನ್ನ ಹಿಂದಿನಿಂದ ತಳ್ಳುತ್ತಿರುವುದರಿಂದ ತಿರುಗಿ ಬರುವುದೂ ಕಷ್ಟ. ಹರಿವು ನಿಂತ ಹೊತ್ತಿನಲ್ಲಿ, ಇಲ್ಲವೇ ಉಬ್ಬರ ಒಳಬರುತ್ತಿರುವಾಗ ಹೊರಡಿ. ಉಬ್ಬರಕ್ಕೆ ಎದುರಾಗಿ ಹೊರಬೀಳುವುದು ನಿಧಾನವಾದರೂ ಗಾಳಿ ಮತ್ತು ನೀರು ಒಂದೇ ದಿಕ್ಕಿಗಿರುವುದರಿಂದ ಅಲೆ ಏಳುವುದಿಲ್ಲ. ಉಬ್ಬರದ ಪಟ್ಟಿಯಲ್ಲಿ ಬರೆದ ವೇಳೆಗೇ ಕಂಡಿಯ ಹರಿವು ನಿಲ್ಲುವುದಿಲ್ಲ, ಸಾಮಾನ್ಯವಾಗಿ ತಡ. ಪಟ್ಟಿಯ ಜೊತೆಗೆ ಕಂಡಿಯನ್ನೂ ಕಣ್ಣಾರೆ ನೋಡಿ.

ಮಕ್ಕಳ ವಿಷಯದಲ್ಲಿ ಹೆಚ್ಚಿನ ಅಪಾಯ ದೊಡ್ಡ ದೋಣಿಯಲ್ಲಲ್ಲ, ದಡಕ್ಕೆ ಹೋಗಿಬರುವ ಪುಟ್ಟ ದೋಣಿಯಾದ ಡಿಂಗಿಯಲ್ಲಿ. ಓಡಿಸುವವರು ಬಿದ್ದರೆ ಬಿಟ್ಟ ಡಿಂಗಿ ಗಿರಗಿರ ಸುತ್ತುತ್ತ ನೀರಿನಲ್ಲಿರುವವರ ಮೇಲೇ ಬರುತ್ತದೆ, ಪ್ರೊಪೆಲ್ಲರ್ ಸಮೇತ. ಔಟ್‌ಬೋರ್ಡ್‌ನ ಕೆಂಪು ಕಿಲ್ ಕಾರ್ಡ್ (ಕಿತ್ತುಬಂದರೆ ಎಂಜಿನ್ ನಿಲ್ಲಿಸುವ ದಾರ) ಓಡಿಸುವವರ ಕಾಲಿಗೋ ಮಣಿಕಟ್ಟಿಗೋ ಇರಲೇಬೇಕು, ನೂರು ಮೀಟರ್ ದೂರಕ್ಕೆ ಹೋಗುವಾಗಲೂ. ಮಗುವಿಗೆ ಡಿಂಗಿ ಓಡಿಸಲು ಕಲಿಸುವ ಮೊದಲು ನಿಲ್ಲಿಸಲು ಕಲಿಸಿ. ಕತ್ತಲಾದ ಮೇಲೆ ದೀಪವಿಲ್ಲದೆ ಯಾರೂ ಹೊರಡಬಾರದು. ಈಜಿಗೆ ಇಳಿಯುವ ಮುನ್ನ ದೋಣಿಯ ಹಿಂದೆ 30 ಮೀಟರ್ ತೇಲುವ ಹಗ್ಗ ಬಿಟ್ಟು ತುದಿಗೆ ಫೆಂಡರ್ (ದೋಣಿಯ ಬದಿಗೆ ತೂಗುಬಿಡುವ, ಗಾಳಿ ತುಂಬಿದ ದಿಂಬು) ಕಟ್ಟಿ. ಹರಿವಿಗೆ ಎದುರಾಗಿ ಈಜುತ್ತ ಹೋಗುವುದು, ದಣಿದಾಗ ಹರಿವಿನ ಜೊತೆ ವಾಪಸ್ ಬರುವುದು. ಲಂಗರು ಎತ್ತುವಾಗ ಸರಪಳಿ ಎಳೆಯುವ ಯಂತ್ರವಾದ ವಿಂಡ್‌ಲಾಸ್‌ನ ಹತ್ತಿರ ಪುಟ್ಟ ಬೆರಳುಗಳು ಬೇಡ. ಮಕ್ಕಳಿಗೆ ಆಳ ಕೂಗಿ ಹೇಳುವ ಕೆಲಸ ಕೊಡಿ, ಅದು ನಿಜವಾಗಿ ಬೇಕಾದ ಕೆಲಸವೇ. ಆಲನ್ಸ್ ಕೀಯ ಇಗುವಾನಾಗಳಿಗೆ ಏನನ್ನೂ ತಿನ್ನಿಸಬೇಡಿ. ಪ್ರವಾಸಿಗರ ದ್ರಾಕ್ಷಿಗೆ ಒಗ್ಗಿಹೋದ ಅವು ಬೆರಳನ್ನೂ ಬಾಯಿಗೆ ಹಾಕಿಕೊಳ್ಳುತ್ತವೆ. 1958ರಲ್ಲಿ ಸ್ಥಾಪನೆಯಾದ ಎಕ್ಸುಮಾ ಕೀಸ್ ಲ್ಯಾಂಡ್ ಆ್ಯಂಡ್ ಸೀ ಪಾರ್ಕ್‌ನ ಎಲ್ಲೆಯೊಳಗೆ 1986ರಿಂದ ಮೀನು ಹಿಡಿಯುವಂತಿಲ್ಲ, ಕಪ್ಪೆಚಿಪ್ಪನ್ನೂ ಎತ್ತುವಂತಿಲ್ಲ. ಮಕ್ಕಳಿಗೆ ಇದನ್ನು ದಡಕ್ಕೆ ಇಳಿಯುವ ಮೊದಲೇ ಹೇಳಿ.

ಈ ದ್ವೀಪಗಳಲ್ಲಿ ಹೊಳೆಯಿಲ್ಲ, ಕುಡಿಯುವ ನೀರು ಬಹುಪಾಲು ಕಡಲ ನೀರನ್ನು ಸೋಸಿ ತೆಗೆದದ್ದು, ದುಡ್ಡು ಕೊಟ್ಟು ಗ್ಯಾಲನ್ ಲೆಕ್ಕದಲ್ಲಿ ಕೊಳ್ಳಬೇಕು. ನಾಲ್ವರ ಕುಟುಂಬ ತಲೆಗೆ 15 ಲೀಟರ್‌ನಂತೆ ಬಳಸಿದರೂ 400 ಲೀಟರ್ ಟ್ಯಾಂಕ್ ಒಂದು ವಾರಕ್ಕೆ ಸಾಲದು. ಪಾತ್ರೆಯನ್ನು ಕಡಲ ನೀರಿನಲ್ಲಿ ತೊಳೆದು ಕೊನೆಗೆ ಸ್ಪ್ರೇ ಬಾಟಲಿಯಿಂದ ಸಿಹಿನೀರು ಹಾಯಿಸಿದರೆ ಉಳಿತಾಯ ಕಣ್ಣಿಗೆ ಕಾಣುತ್ತದೆ. ಕಡಲ ನೀರನ್ನು ಸಿಹಿನೀರಾಗಿಸುವ ವಾಟರ್‌ಮೇಕರ್ ಯಂತ್ರ ಇದ್ದರೆ ಎಣ್ಣೆ ತೇಲುವ ಬಂದರಿನಲ್ಲಿ ಓಡಿಸಬೇಡಿ. ಅದರ ಮೆಂಬ್ರೇನನ್ನು (ಉಪ್ಪು ಸೋಸುವ ಪೊರೆ) ನಲ್ಲಿ ನೀರಿನಿಂದ ತೊಳೆಯುವಾಗ ನಡುವೆ ಕಾರ್ಬನ್ ಫಿಲ್ಟರ್ ಇರಲಿ, ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳಾಯಿತೆಂದೇ ಲೆಕ್ಕ.

ಜೊತೆಯ ದೋಣಿಗಳವರು ಈ ರಜೆಯ ಅರ್ಧ ಭಾಗ. ಮಕ್ಕಳಿರುವ ದೋಣಿಯನ್ನು ಇಲ್ಲಿ ಕಿಡ್ ಬೋಟ್ ಎಂದೇ ಕರೆಯುತ್ತಾರೆ, ಒಂದು ಕಿಡ್ ಬೋಟ್ ಇನ್ನೊಂದನ್ನು ಬೇಗ ಹುಡುಕಿಕೊಳ್ಳುತ್ತದೆ. ವಿಎಚ್‌ಎಫ್ ರೇಡಿಯೋದ ಚಾನಲ್ 16ರಲ್ಲಿ ಅವರ ದೋಣಿಯ ಹೆಸರು ಎರಡು ಸಲ, ನಿಮ್ಮದು ಒಂದು ಸಲ. ಉತ್ತರ ಬಂದ ತಕ್ಷಣ 68ಕ್ಕೋ 72ಕ್ಕೋ ಬದಲಾಗಿ ಮಾತಾಡಬೇಕು. 16 ಇರುವುದು ಅಪಾಯದ ಕರೆಗೆ ಮತ್ತು ಹೀಗೆ ಮೊದಲ ಸಲ ಕರೆಯುವುದಕ್ಕೆ ಮಾತ್ರ. ಚಾನಲ್ ಬದಲಿಸಿದರೂ ಕಿವಿಯಿರುವವರೆಲ್ಲ ಕೇಳುತ್ತಾರೆ, ಖಾಸಗಿ ಮಾತಿದ್ದರೆ ಡಿಂಗಿ ಹತ್ತಿ ಹೋಗಿ. ಜಾರ್ಜ್ ಟೌನ್‌ನ ಎಲಿಜಬೆತ್ ಹಾರ್ಬರ್‌ನಲ್ಲಿ ಚಳಿಗಾಲಕ್ಕೆ ನೂರಾರು ದೋಣಿ ಸೇರುತ್ತವೆ. ಅಲ್ಲಿ ಬೆಳಿಗ್ಗೆ ರೇಡಿಯೋದಲ್ಲೇ ಸಭೆ: ಹವಾಮಾನ, ಬೇಕಾದ ಬಿಡಿಭಾಗ, ಹೊಸದಾಗಿ ಬಂದವರು, ಹೊರಟವರು. ಸ್ಟಾಕಿಂಗ್ ಐಲೆಂಡ್‌ನ ವಾಲಿಬಾಲ್ ಬೀಚ್‌ನಲ್ಲಿ ಮಕ್ಕಳ ಹಿಂಡೇ ಸಿಗುತ್ತದೆ. ತರಕಾರಿ ಹೊತ್ತ ಮೇಲ್ ಬೋಟ್ ಯಾವ ದ್ವೀಪಕ್ಕೆ ಯಾವ ದಿನ ಬರುತ್ತದೆ, ಯಾವ ಕಂಡಿ ನಿನ್ನೆ ಹೇಗಿತ್ತು ಎಂಬುದನ್ನು ಇವರಿಂದಲೇ ತಿಳಿಯಬೇಕು, ಪುಸ್ತಕದಲ್ಲಿ ಸಿಗುವುದಿಲ್ಲ.

ಆದರೆ ಸುದ್ದಿ ತೆಗೆದುಕೊಳ್ಳುವುದು ಬೇರೆ, ತೀರ್ಮಾನ ತೆಗೆದುಕೊಳ್ಳುವುದು ಬೇರೆ. ಮಕ್ಕಳು ಸ್ನೇಹಿತರನ್ನು ಬಿಡಲೊಲ್ಲರು ಎಂಬ ಕಾರಣಕ್ಕೆ ಮುಂದಿನ ದೋಣಿಯ ಹಿಂದೆಯೇ ಹೊರಡುವುದು ಇಲ್ಲಿ ದಿನಾ ಕಾಣುವ ನೋಟ. ಮುಂದೆ ಹೋಗುವ ಕ್ಯಾಟಮರಾನ್‌ಗೆ 1.2 ಮೀಟರ್ ನೀರು ಸಾಕು, ಹಿಂದೆ ಬರುವ ಕೀಲ್ ದೋಣಿಗೆ 1.9 ಬೇಕು. ಅವರು ಸಲೀಸಾಗಿ ದಾಟಿದ ಮರಳ ದಿಣ್ಣೆಯ ಮೇಲೆ ಇವರು ಕೂರುತ್ತಾರೆ, ಅದೂ ಇಳಿತದಲ್ಲಾದರೆ ಮುಂದಿನ ಉಬ್ಬರದವರೆಗೆ ವಾಲಿಕೊಂಡೇ. ಸಂಜೆ ಯಾವ ತಾಣದಲ್ಲಿ ಸೇರೋಣ ಎಂದಷ್ಟೇ ಒಪ್ಪಿಕೊಳ್ಳಿ. ದಾರಿ, ಹೊರಡುವ ವೇಳೆ, ಹೊರಡಬೇಕೋ ಬೇಡವೋ ಎಂಬುದು ಆಯಾ ದೋಣಿಯವರಿಗೆ ಬಿಟ್ಟದ್ದು. ಒಳ್ಳೆಯ ಜೊತೆಗಾರರು ಇದರಿಂದ ಬೇಸರ ಪಟ್ಟುಕೊಳ್ಳುವುದಿಲ್ಲ.

ನೆರೆಹೊರೆ ನಿಜಕ್ಕೂ ಬೇಕಾಗುವುದು ಫ್ರಂಟ್ ದಾಟುವ ರಾತ್ರಿ. ಸುತ್ತಲಿನ ದೋಣಿಗಳೆಲ್ಲ ಗಾಳಿಗೆ ಮೂತಿ ಕೊಟ್ಟು ನಿಂತಿರುವಾಗ ಒಂದು ಮಾತ್ರ ಅಡ್ಡಲಾಗಿ ತಿರುಗಿದ್ದರೆ ಅದರ ಲಂಗರು ಬಿಟ್ಟಿದೆ. ಐದು ಸಲ ಹಾರನ್ ಒತ್ತಿ, ಟಾರ್ಚ್ ಬೆಳಕನ್ನು ಅವರ ಕಿಟಕಿಗಳ ಮೇಲೆ ಹರಿಸಿ, 16ರಲ್ಲಿ ಹೆಸರು ಹಿಡಿದು ಕೂಗಿ. ಅಷ್ಟರಲ್ಲಿ ಮನೆಯ ಇನ್ನೊಬ್ಬರು ನಿಮ್ಮ ದೋಣಿಯ ಬದಿಗೆ ಫೆಂಡರ್ ಇಳಿಸಿ ಎಂಜಿನ್ ಶುರುಮಾಡಿರಲಿ. ಜಾರುತ್ತಿರುವುದು ನಿಮ್ಮದೇ ಆದರೆ, ಹಿಂದೆ ಜಾಗವಿದ್ದರೆ ಮೊದಲು ಇನ್ನಷ್ಟು ಸರಪಳಿ ಬಿಟ್ಟು ನೋಡಿ, ಇಲ್ಲದಿದ್ದರೆ ಎಂಜಿನ್ ಬಲದಿಂದ ಮುಂದೆ ಹೋಗುತ್ತ ಎತ್ತಿ, ಖಾಲಿ ನೀರಿಗೆ ಹೋಗಿ ಹೊಸದಾಗಿ ಹಾಕಿ. ಇಡೀ ಕುಟುಂಬ ದಡಕ್ಕೆ ಹೋಗುವಾಗ ಎಂಜಿನ್ ಕೀಲಿ ಎಲ್ಲಿದೆ ಎಂದು ಪಕ್ಕದ ದೋಣಿಯವರಿಗೆ ಹೇಳಿಹೋಗುವ ರೂಢಿ ಇಟ್ಟುಕೊಳ್ಳಿ. ನೀವಿಲ್ಲದಾಗ ನಿಮ್ಮ ದೋಣಿಗೆ ಹತ್ತಿ ಅದನ್ನು ಹಿಡಿದು ನಿಲ್ಲಿಸುವವರು ಅವರೇ.

ವಿಮಾನದಲ್ಲಿ ಬಂದು ಸೇರುವ ನೆಂಟರಿಗೂ ಮೊದಲೇ ತಿಳಿಸಿಡಿ: ಇಂಥ ದಿನ ಬರುತ್ತೇವೆ ಎನ್ನಬಹುದು, ಇಂಥ ದ್ವೀಪಕ್ಕೇ ಬರುತ್ತೇವೆ ಎನ್ನಬಹುದು, ಎರಡನ್ನೂ ಒಟ್ಟಿಗೆ ಹಿಡಿದರೆ ನಡೆಯುವುದಿಲ್ಲ. ನೀವೂ ಅಷ್ಟೆ. ದೋಣಿ ಒಪ್ಪಿಸಬೇಕಾದ ದಿನಕ್ಕೆ ಮೂರು ದಿನ ಮುಂಚೆ, ಸೌಂಡ್ ದಾಟಬೇಕಿಲ್ಲದ, ಯಾವ ಕಂಡಿಯೂ ಅಡ್ಡವಿಲ್ಲದ ಜಾಗಕ್ಕೆ ಬಂದು ಸೇರಿರಿ. ನಸ್ಸೌಗೆ ಮರಳುವವರಿಗೆ ಅಂಥ ಜಾಗ ಹೈಬೋರ್ನ್ ಕೀ ಅಥವಾ ಆಲನ್ಸ್ ಕೀ. ಫ್ರಂಟ್ ಹಿಂದಿನ ಉತ್ತರದ ಗಾಳಿ ಕಳೆದು ಮತ್ತೆ ಪೂರ್ವಕ್ಕೆ ತಿರುಗಿದ ದಿನ, ಬೆಳಿಗ್ಗೆ ತೀರ ಬೇಗವೂ ಅಲ್ಲದೆ ತಡವೂ ಅಲ್ಲದೆ, ಯೆಲ್ಲೋ ಬ್ಯಾಂಕ್ ಮೇಲೆ ಸೂರ್ಯ ಎತ್ತರದಲ್ಲಿರುವ ಹಾಗೆ ಲೆಕ್ಕ ಹಾಕಿ ಹೊರಡಿ.